ಕಿವಿಯಕ್ಕ ಮೈಕ್ ನಿಲ್ಲಿಸಿದ ದಿನ

ಕಿವಿಯಕ್ಕನ ಮನೆಯಲ್ಲಿ ಅತ್ತೆಗೆ ಎರಡೂ ಕಿವಿ ಕೇಳಿಸದು, ಸೊಸೆಗೆ ಕೇಳಿಸದ ಸದ್ದೇ ಇಲ್ಲ. ಒಬ್ಬರ ಹತ್ತಿರ ಕೂಗಿ ಗಂಟಲು ಹೋಯಿತು, ಇನ್ನೊಬ್ಬಳ ಹತ್ತಿರ ಪಿಸುಗುಟ್ಟಿದರೂ ಸಿಕ್ಕಿಬೀಳುತ್ತೇನೆ ಎಂಬುದು ಗಂಡನ ಗೋಳು.

ಸೊಸೆ ಕಿವಿಯಕ್ಕನ ಕೆಲಸವೇ ಕೇಳುವುದು. ನೀರು ಸರಬರಾಜು ಕಚೇರಿಯಲ್ಲಿ ದಿನಗೂಲಿ. ಎದೆಮಟ್ಟದ ಕಬ್ಬಿಣದ ಕೋಲಿನ ಒಂದು ತುದಿಯನ್ನು ರಸ್ತೆಗೆ ಒತ್ತಿ, ತಲೆ ಬಾಗಿಸಿ ಇನ್ನೊಂದು ತುದಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿದರೆ, ನೆಲದಡಿಯ ಪೈಪು ಎಲ್ಲಿ ಸೋರುತ್ತಿದೆ ಎಂದು ಹೇಳಿಬಿಡುತ್ತಾಳೆ. ಸಣ್ಣ ಸೋರಿಕೆ ಹಾವು ಬುಸುಗುಟ್ಟಿದ ಹಾಗಂತೆ, ದೊಡ್ಡದು ಅತ್ತೆ ಗೊರಕೆ ಹೊಡೆದ ಹಾಗಂತೆ. ವಿದ್ಯೆ ಕಲಿಸಿದವನು ಮಾವ. ಸಾಯುವ ಮುಂಚೆ ಮಗನಿಗೆ ಸೈಕಲ್ಲು ಕೊಟ್ಟ, ಸೊಸೆಗೆ ಕೋಲು ಕೊಟ್ಟ. ಸೈಕಲ್ಲು ಗುಜರಿಗೆ ಹೋಗಿ ಎಷ್ಟೋ ವರ್ಷವಾಯಿತು.

ನಮ್ಮ ಊರಿಗೆ ಮಳೆ ಅಂದರೆ ದೂರದ ನೆಂಟ. ಗುಡ್ಡದ ಟ್ಯಾಂಕಿನಿಂದ ಹೊರಟ ಹತ್ತು ಕೊಡದಲ್ಲಿ ನಾಲ್ಕು ಕೊಡ ದಾರಿಯಲ್ಲೇ ಮಣ್ಣುಪಾಲು. ಆ ನಾಲ್ಕನ್ನು ಹಿಡಿದರೆ ಹೊಸ ಬಾವಿ ತೋಡಿದ ಹಾಗೆ ಎಂದು ಕಿವಿಯಕ್ಕ ಕಂಡಕಂಡವರಿಗೆಲ್ಲ ಹೇಳುತ್ತಿದ್ದಳು. ನಾವು ಕಿವಿಗೆ ಹಾಕಿಕೊಳ್ಳಲಿಲ್ಲ. ನಾವು ಹೋರಾಟದವರು. ಹೇಳುವುದು ನಮ್ಮ ಕಸುಬು, ಕೇಳುವುದಲ್ಲ.

ನಮ್ಮದು ಪೈಪಿನ ಕಟ್ಟಕಡೆಯ ಬೀದಿ. ನೀರಿನ ಕಚೇರಿ ದಾಟಿದರೆ ನಾವೇ. ನಾಲ್ಕು ದಿನಕ್ಕೊಮ್ಮೆ ಬರುವ ನೀರನ್ನು ಎರಡು ದಿನಕ್ಕೊಮ್ಮೆ ಬಿಡಿ ಎಂದು ಕಚೇರಿಯ ಗೇಟಿನ ಮುಂದೆ, ಅಲ್ಲಿನ ಇಂಜಿನಿಯರ್ ಸುಣ್ಣದಲ್ಲಿ ಗುರುತು ಹಾಕಿಕೊಟ್ಟ ಜಾಗದಲ್ಲೇ ಪೆಂಡಾಲ್ ಹಾಕಿ ಧರಣಿ ಕೂತೆವು. ಆ ವಾರದಿಂದ ಬರುತ್ತಿದ್ದ ನೀರೂ ನಿಂತಿತು. ಇದು ಇಂಜಿನಿಯರನ ಸೇಡು ಎಂದು ನಮ್ಮ ಅಧ್ಯಕ್ಷರು ಸಾರಿದರು. ಇನ್ನೊಂದು ಲೌಡ್‌ಸ್ಪೀಕರ್ ತರಿಸಿದೆವು. ಒಂದೇ ಸಮಾಧಾನವೆಂದರೆ, ಊರೆಲ್ಲ ಕಾದ ಹೆಂಚಾದರೂ ಪೆಂಡಾಲಿನ ನಡುಗಂಬದ ಬುಡ ತಂಪಾಗಿರುತ್ತಿತ್ತು. ಊಟವಾದ ಮೇಲೆ ಅಲ್ಲಿ ಅಡ್ಡಾಗಲು ಜಗಳವೇ ನಡೆಯುತ್ತಿತ್ತು. ಕೊನೆಗೆ ಅಧ್ಯಕ್ಷರು ಅಲ್ಲಿ ತಮ್ಮ ಕುರ್ಚಿ ಹಾಕಿಸಿಕೊಂಡು ಜಗಳ ಮುಗಿಸಿದರು.

ಟ್ಯಾಂಕಿನಿಂದ ನೀರು ಬಿಡುವ ದಿನ ಕಿವಿಯಕ್ಕ ಕೋಲು ಹಿಡಿದು ಬಂದು, ಅರ್ಧ ಗಂಟೆ ಮೈಕ್ ನಿಲ್ಲಿಸಿ ಎಂದು ಕೇಳಿದಳು. ಕಚೇರಿಯವರು ಕಳಿಸಿದ್ದಾರೆ ಎಂದೇ ನಮಗೆಲ್ಲ ಅನುಮಾನ.

“ಮೈಕ್ ನಿಂತ್ರೆ ಚಳವಳಿ ಸತ್ತ ಹಾಗೆ ಕಣಕ್ಕಾ,” ಅಂದರು ಅಧ್ಯಕ್ಷರು.

“ಸಾಯೋದು ಬೇಡ ಅಧ್ಯಕ್ಷರೇ, ಅರ್ಧ ಗಂಟೆ ನಿದ್ದೆ ಮಾಡ್ಲಿ.”

ನಾವು ನಕ್ಕೆವು. ಮೈಕ್ ನಿಲ್ಲಿಸಲಿಲ್ಲ.

ಇಪ್ಪತ್ತೊಂದನೆಯ ದಿನ ಇಂಜಿನಿಯರ್ ಗೇಟಿಗೆ ನೋಟಿಸು ಅಂಟಿಸಿದ. ಕೊನೆಯ ಬೀದಿಗೆ ನೀರು ಏರುತ್ತಿಲ್ಲ, ಸೋಮವಾರ ಆ ಪೈಪು ಸೀಲ್, ಆಮೇಲೆ ಟ್ಯಾಂಕರೇ ಗತಿ. ಒಮ್ಮೆ ಸೀಲಾದ ಪೈಪು ಮತ್ತೆ ಬಾಯಿ ಬಿಟ್ಟದ್ದನ್ನು ಈ ಊರಲ್ಲಿ ಯಾರೂ ಕಂಡಿಲ್ಲ. ಕಿವಿಯಕ್ಕ ನೇರ ಅವನ ಕೋಣೆಗೆ ಹೋಗಿ, ಟ್ಯಾಂಕಿನಿಂದ ನೀರು ಹೊರಡುತ್ತಿದೆ, ದಾರಿಯಲ್ಲಿ ಕಾಣೆಯಾಗುತ್ತಿದೆ ಎಂದಳು. ಅವನು ಕನ್ನಡಕ ಒರೆಸಿಕೊಂಡ.

“ನೋಡಮ್ಮ, ಅರ್ಧ ಗಂಟೆ ವಾಲ್ವ್ ತೆಗೆಸ್ತೀನಿ. ಒಂದೇ ಗುಂಡಿ ತೋಡಿಸ್ತೀನಿ. ಅದು ಒಣಗಿದ್ರೆ ಸೋಮವಾರದಿಂದ ನೀನೂ ಬರೋದು ಬೇಡ.”

ಹೀಗೆ ನಮ್ಮ ಬೀದಿಯ ನೀರು, ಆಕೆಯ ಅನ್ನ, ಎರಡೂ ಒಂದೇ ಗುಂಡಿಯ ಮೇಲೆ ನಿಂತವು.

ಈ ಸಲ ಆಕೆ ಕೇಳಲಿಲ್ಲ. ಪೆಂಡಾಲಿಗೆ ಬಂದು ಮೈಕಿನ ವೈರು ಕಿತ್ತಳು.

“ಇವತ್ತು ಮೆರವಣಿಗೆ ನಂದು. ಬಾಯಿ ತೆಗೆದೋರು ಮನೆಗೆ.”

ಗುಡ್ಡದ ಬುಡದಿಂದ ಹೊರಟೆವು. ಖಾಲಿ ಕೊಡ ಹೊತ್ತ ಇನ್ನೂರು ಜನ, ಒಂದು ಉಸಿರೂ ಇಲ್ಲ. ಹಿಟ್ಟಿನ ಗಿರಣಿ ನಿಂತಿತು, ಗ್ಯಾರೇಜಿನವನು ಸುತ್ತಿಗೆ ಕೆಳಗಿಟ್ಟ. ಆಕೆ ಕೋಲು ಊರುತ್ತಾಳೆ, ಕೇಳುತ್ತಾಳೆ, ಹತ್ತು ಹೆಜ್ಜೆ ಇಡುತ್ತಾಳೆ, ಮತ್ತೆ ಊರುತ್ತಾಳೆ. ನಮಗೆ ಪ್ರಾಣಸಂಕಟ. ನಲವತ್ತು ವರ್ಷದ ಅಭ್ಯಾಸಕ್ಕೆ ಅಧ್ಯಕ್ಷರ ಬಲಗೈ ಮುಷ್ಟಿ ಕಟ್ಟಿ ತಾನಾಗಿ ಮೇಲೇಳುತ್ತಿತ್ತು. ಅವರ ಹೆಂಡತಿ ಅದನ್ನು ಹಿಡಿದು ಕೆಳಗಿಳಿಸುತ್ತಿದ್ದರು. ಯಾರೋ ಒಬ್ಬನಿಗೆ ಬಿಕ್ಕಳಿಕೆ ಬಂತು. ಇನ್ನೂರು ಜನ ಅವನನ್ನು ನುಂಗುವ ಹಾಗೆ ನೋಡಿದ್ದಕ್ಕೆ ಬಿಕ್ಕಳಿಕೆ ಹೆದರಿ ನಿಂತಿತು.

ಬರುಬರುತ್ತಾ ಕಚೇರಿಯ ಗೇಟು ಬಂತು. ಕಿವಿಯಕ್ಕ ಸೀದಾ ನಮ್ಮ ಪೆಂಡಾಲಿನೊಳಗೆ ನುಗ್ಗಿ ನಡುಗಂಬದ ಬುಡದಲ್ಲಿ ಕೋಲು ಊರಿದಳು. ಪಾಪ, ಸುಸ್ತಾಗಿರಬೇಕು ಎಂದು ಅಧ್ಯಕ್ಷರು ತಮ್ಮ ಕುರ್ಚಿ ಮುಂದೆ ತಳ್ಳಿದರು.

“ಇಲ್ಲಿ ಅಗೀರಿ,” ಅಂದಳು.

“ಇಲ್ಲಿ ನಾವು ಕೂತಿದ್ದೀವಲ್ಲಕ್ಕಾ.”

“ಅದೇ ಆಗಿರೋದು.”

ಕಂಬ ಕಿತ್ತರು. ಬುಡ ನೆನೆದು ಕೊಳೆತಿತ್ತು. ಮೊಣಕಾಲುದ್ದ ಅಗೆಯುವಷ್ಟರಲ್ಲಿ ನೀರು ಚಿಮ್ಮಿ, ಗೇಟಿನಿಂದ ಬಂದು ಬಗ್ಗಿ ನೋಡುತ್ತಿದ್ದ ಇಂಜಿನಿಯರನ ಕನ್ನಡಕಕ್ಕೆ ಬಡಿಯಿತು. ಧರಣಿಯ ಮೊದಲ ದಿನ ಕಂಬಕ್ಕೆಂದು ನಾವೇ ಹಾಕಿದ ಹಾರೆ ಪೈಪಿಗೆ ತೂತು ಕೊರೆದಿತ್ತು. ಕೆಳಗೆ ಯಾವಾಗಲೋ ಮುಚ್ಚಿದ ಹಳೆಯ ಬಾವಿ. ಬಿಟ್ಟ ನೀರನ್ನೆಲ್ಲ ಅದೇ ಗುಟುಕರಿಸುತ್ತಿತ್ತು. ಇಪ್ಪತ್ತೊಂದು ದಿನ ನೀರಿನ ಮೇಲೆ ಕೂತು ನೀರು ನೀರು ಎಂದು ಅರಚಿದ್ದೆವು.

ಇಂಜಿನಿಯರ್ ಕೇಸು ಹಾಕುತ್ತೇನೆ ಎನ್ನಲು ಬಾಯಿ ತೆರೆದ. ಕಂಬಕ್ಕೆ ಸುಣ್ಣದಲ್ಲಿ ಗುರುತು ಹಾಕಿಕೊಟ್ಟವನು ಇವನೇ ಎನ್ನಲು ಅಧ್ಯಕ್ಷರೂ ಬಾಯಿ ತೆರೆದರು. ಕಿವಿಯಕ್ಕ ತಲೆ ಎತ್ತದೆ ಕೋಲನ್ನು ನಾಲ್ಕು ಮಾರು ಆಚೆ ಊರಿದಳು.

“ಹಾರೆ ಇವರದು, ಗುರುತು ನಿಮ್ಮದು ಸಾರ್. ಇಬ್ಬರೂ ಬಾಯಿ ಮುಚ್ಚಿ. ಇಲ್ಲಿ ಇನ್ನೊಂದು ಸೋರ್ತಾ ಇದೆ.”

ಸೋಮವಾರ ನೋಟಿಸನ್ನು ಇಂಜಿನಿಯರನೇ ಉಗುರಿನಿಂದ ಕೆರೆದು ತೆಗೆದ. ನಾಲ್ಕು ದಿನಕ್ಕೊಮ್ಮೆ ನೀರು ಬಂತು. ಆಕೆ ಇನ್ನೂ ಏಳು ತೂತು ಹಿಡಿದ ಮೇಲೆ ಮೂರು ದಿನಕ್ಕೊಮ್ಮೆ ಆಯಿತು. ಆಕೆ ಇನ್ನೂ ದಿನಗೂಲಿಯೇ. ಅದೂ ಈಗ ನಮ್ಮ ಬೇಡಿಕೆಯ ಪಟ್ಟಿಯಲ್ಲಿದೆ. ಎರಡು ದಿನಕ್ಕೊಮ್ಮೆ ಆಗುವವರೆಗೆ ಧರಣಿ ಬಿಡುವುದಿಲ್ಲ. ಆದರೆ ಕಂಬ ನೆಡುವ ಮೊದಲು ಕಿವಿಯಕ್ಕನನ್ನು ಕರೆಸುತ್ತೇವೆ, ನೀರು ಬಿಡುವ ದಿನ ಮೈಕಿಗೆ ರಜೆ. ಅಧ್ಯಕ್ಷರ ಹೆಂಡತಿ ಆಕೆಯ ಹತ್ತಿರ ಕೋಲು ಹಿಡಿಯಲು ಕಲಿಯುತ್ತಿದ್ದಾರೆ. ಅಂದಿನಿಂದ ಅಧ್ಯಕ್ಷರು ಮನೆಯಲ್ಲಿ ಫೋನು ಬಂದರೆ ಬೀದಿಗೆ ಹೋಗಿ ಮಾತಾಡುತ್ತಾರೆ.