ಅಮಾವಾಸ್ಯೆಯ ದಿನ ಬಂದ ಹೊಗೆ

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಆ ಬೇಸಿಗೆಯಲ್ಲಿ ಅವ್ವನ ದಮ್ಮು ಜಾಸ್ತಿಯಾದ ಮೇಲಂತೂ ಯಾರ ಮೇಲೆ ಹಾಯಲಿ ಎಂದು ಕಾಯುತ್ತಿದ್ದೆ. ರಾಯಚೂರಿನಲ್ಲಿ ನಮ್ಮ ಮನೆಯ ಹಿಂದೆ, ಮೂಡಲ ಬದಿಗೆ, ಒಂದು ಮಂಡಕ್ಕಿ ಭಟ್ಟಿ ಇದೆ. ನಡೆಸುವವಳು ದೇವದುರ್ಗದ ಕಡೆಯಿಂದ ಬಂದ ಹೆಂಗಸು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಭತ್ತದ ಹೊಟ್ಟು ಉರಿಸಿ, ಕಾದ ಮರಳಿನಲ್ಲಿ ಅಕ್ಕಿ ಅರಳಿಸುತ್ತಾಳೆ. ಕಣ್ಣೆದುರಿಗೇ ಚಿಮಣಿ, ಚಿಮಣಿಯಲ್ಲಿ ಹೊಗೆ. ಇನ್ನೇನು ಸಾಕ್ಷಿ ಬೇಕು? ಭಟ್ಟಿ ಮುಚ್ಚಿಸಬೇಕೆಂದು ನಗರಸಭೆಗೆ ನಾನೇ ಅರ್ಜಿ ಬರೆದೆ. ವಿಜ್ಞಾನ ಕಲಿಸುವ ಟೀಚರು ಬರೆದದ್ದೆಂದು ಓಣಿಯವರು ಎರಡು ಮಾತಾಡದೆ ಸಹಿ ಹಾಕಿದರು. ಕಚೇರಿಯವರು ಬಂದು ನೋಡಿ, ಇನ್ನೊಂದು ವಾರದಲ್ಲಿ ಬೀಗ ಹಾಕುತ್ತೇವೆಂದು ಆಕೆಗೆ ಹೇಳಿ ಹೋದರು. ಆಕೆಯ ಮನೆಮಂದಿಯೆಲ್ಲ ಆ ಒಲೆಯನ್ನೇ ನೆಚ್ಚಿಕೊಂಡಿದ್ದರು. ಅದು ನನಗೆ ಗೊತ್ತಿತ್ತು, ಗೊತ್ತಿದ್ದೂ ಬರೆದಿದ್ದೆ.

ಆ ವಾರದಲ್ಲೇ ಅಮಾವಾಸ್ಯೆ ಬಂತು. ಬೆಳಿಗ್ಗೆ ಎದ್ದು ನೋಡಿದರೆ ಅವ್ವ ಹಾಸಿಗೆಯ ಮೇಲೆ ಕೂತು ಉಸಿರಿಗೆ ಒದ್ದಾಡುತ್ತಿದ್ದಾಳೆ. ಹೊರಗೆ ಮಬ್ಬು, ಮೂಗಿಗೆ ಸುಟ್ಟ ವಾಸನೆ. ದಮ್ಮಿನ ಪಂಪು ಎಳೆಸಿ, ಅವಳನ್ನು ಒಳಕೋಣೆಯಲ್ಲಿ ಕೂರಿಸಿ, ಚಪ್ಪಲಿಯನ್ನೂ ಮೆಟ್ಟದೆ ಹಿಂದಿನ ಓಣಿಗೆ ಓಡಿದೆ.

"ಒಲಿ ಆರಸಂಗಿಲ್ಲೇನಬೇ? ನಮ್ಮವ್ವನ ಜೀವಾ ತಗೊಂಡೇ ಬಿಡ್ತೀಯೇನು?" ಎಂದು ಬಾಗಿಲಲ್ಲೇ ಕೂಗಿದೆ.

ಆಕೆ ಒಲೆಯ ಮುಂದೆಯೇ ಕೂತಿದ್ದಳು. ಒಲೆ ತಣ್ಣಗಿತ್ತು. ಸೆಗಣಿಯಿಂದ ಸಾರಿಸಿ, ರಂಗೋಲಿ ಹಾಕಿ, ಅದರ ಬಾಯಿಗೆ ಎರಡು ಚೆಂಡುಹೂ ಇಟ್ಟು ಕಾಯಿ ಒಡೆಯುತ್ತಿದ್ದಳು. ಅಮಾವಾಸ್ಯೆಗೆ ಒಲೆಗೆ ಪೂಜೆ, ಅವತ್ತು ಬೆಂಕಿ ಹಚ್ಚುವುದಿಲ್ಲ. ಆಕೆಯ ಭಟ್ಟಿಯ ಪದ್ಧತಿ ಅದು. ಪ್ರತಿ ಅಮಾವಾಸ್ಯೆಗೆ ಆಕೆ ಕೊಟ್ಟ ಕೊಬ್ಬರಿ ತಿಂದವಳೇ ನಾನು, ಸಿಟ್ಟಿನಲ್ಲಿ ಅದೊಂದು ನೆನಪಾಗಿರಲಿಲ್ಲ. ಅಯ್ಯೋ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಬರ್ರಿ ಅಕ್ಕೋರ," ಎಂದಳು. ಟೀಚರೆಂದು ಆಕೆ ನನ್ನನ್ನು ಕರೆಯುವುದೇ ಹಾಗೆ. ಎದ್ದು ಒಂದು ಹಿಡಿ ಹೊಟ್ಟು ತಗೊಂಡು ನನ್ನನ್ನು ಮಾಳಿಗೆ ಹತ್ತಿಸಿದಳು. ದಿನಾ ಅಕ್ಕಿ ತೂರುವ ಕೈ ಅದು, ಗಾಳಿಯ ದಿಕ್ಕು ನೋಡದೆ ಮೊರ ಎತ್ತುವುದಿಲ್ಲ. ಆ ಕೈಯನ್ನು ಎತ್ತರಕ್ಕೆ ಹಿಡಿದು ಹೊಟ್ಟು ಬಿಟ್ಟಳು. ಅದು ನಮ್ಮ ಮನೆಯಿಂದ ದೂರಕ್ಕೆ, ಮೂಡಲಿಗೆ ತೇಲಿ ಹೋಯಿತು.

"ಈ ಬ್ಯಾಸಿಗಿ ಪೂರ್ತಿ ಪಡುಗಾಳಿನ ಬೀಸಾಕತ್ತಾದ. ನನ್ನ ಹೊಗಿ ನಿಮ್ಮನಿಗೆ ಹೆಂಗ ಬರ್ತದ್ರೀ? ಅಲ್ಲಿ ನೋಡ್ರಿ." ಪಡುವಲ ಬಾನಂಚಿನಲ್ಲಿ ಕಂದು ಬಣ್ಣದ ಪಟ್ಟಿ ಎದ್ದಿತ್ತು. "ಅದು ನೆಲ್ಲು ಕೊಯ್ದ ಮ್ಯಾಲ ಹುಲ್ಲು ಸುಡ್ತಾರಲ್ಲ, ಅದರ ಹೊಗಿ. ಸಿರವಾರ, ಮಾನ್ವಿ ಕಡಿಂದು. ಸಣ್ಣಾಕಿದ್ದಾಗ ದೇವದುರ್ಗದಿಂದ ವರ್ಷಾ ವರ್ಷಾ ಅದ ಮಾನ್ವಿ ಕಡಿ ಹಿರೇಕೊಟ್ನೆಕಲ್ಲಿಗೆ ಕೊಯ್ಲಿಗೆ ಹೋಗ್ತಿದ್ವಿ. ಈ ವಾಸನಿ ನನಗ ಮರಿತದೇನ್ರೀ?"

ಎಷ್ಟೋ ಹರದಾರಿ ದೂರದ ಗದ್ದೆಯ ಹೊಗೆ ಬಂದು ನಮ್ಮವ್ವನ ಎದೆಯಲ್ಲಿ ಕೂತಿತ್ತು. ನಾನು ಬೋರ್ಡಿನ ಮೇಲೆ ಬಾಣ ಹಾಕಿ ಗಾಳಿಯ ದಿಕ್ಕು ಕಲಿಸುತ್ತೇನೆ; ಒಂದು ದಿನವಾದರೂ ಮಾಳಿಗೆ ಹತ್ತಿ ನೋಡಿರಲಿಲ್ಲ.

"ಮೊದ್ಲ ಯಾಕ ಹೇಳ್ಲಿಲ್ಲಬೇ?" ಎಂದೆ.

"ಅವ್ವ ಉಸುರಿಗೆ ಒದ್ದಾಡಿದ್ರ ಮಗಳಿಗೆ ಸಿಟ್ಟು ಬಂದೇ ಬರ್ತದ. ಸಿಟ್ಟಿನಾಗ ಹೇಳಿದ್ರ ಕೇಳ್ತಿದ್ರೇನು?" ಎಂದು ನಕ್ಕಳು.

ಎಂಥ ಹೆಂಗಸು! ಬೀಗ ಬೀಳಲಿರುವ ಒಲೆಗೆ ಹೂ ಏರಿಸಿ ಕೂತವಳು, ಬೀಗ ಹಾಕಿಸಲು ಹೊರಟ ನನ್ನ ಸಂಕಟವನ್ನೂ ಯೋಚಿಸಿದ್ದಳು. ಆಕೆಯ ಜಾಗದಲ್ಲಿ ನಾನಿದ್ದಿದ್ದರೆ ಕೂಗಾಡಿ ಓಣಿ ಒಂದು ಮಾಡುತ್ತಿದ್ದೆ. ಇಷ್ಟು ವರ್ಷ ಗೋಡೆಯಾಚೆಗೆ ಇಂಥವಳು ಇದ್ದಾಳೆಂದು ನನಗೆ ಗೊತ್ತೇ ಇರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಮರುದಿನವೇ ಕಚೇರಿಗೆ ಹೋಗಿ, ತಪ್ಪು ನನ್ನದೆಂದು ಬರೆದುಕೊಟ್ಟು ಅರ್ಜಿ ವಾಪಸು ತಗೊಂಡೆ. ಬೀಗ ತಪ್ಪಿತು. ಉಮೇದಿನಿಂದ ಸುದ್ದಿ ಹೇಳಲು ಹೋದರೆ ಆಕೆ ಒಲೆ ಹಚ್ಚಿರಲೇ ಇಲ್ಲ. ಓಣಿಯಲ್ಲಿ ಮಬ್ಬು ಇನ್ನೂ ಹಾಗೇ ಇತ್ತು.

"ಇನ್ಯಾಕ ಅಂಜ್ತೀ? ಹಚ್ಚಬೇ," ಎಂದೆ.

ಆಕೆ ಮೂಡಲ ಕಡೆಗೆ ಕೈ ಮಾಡಿದಳು. "ಈ ಮಬ್ಬು ಹರೀಲಿ ತಡೀರಿ ಅಕ್ಕೋರ. ಸಿರವಾರದ ಹೊಗಿ ನಿಮ್ಮವ್ವಗ ಬಂದಂಗ ಇದರ ಜೋಡಿ ನಂದೂ ಆ ಕಡಿ ಯಾರವ್ವಗೋ ಹೋಗ್ತದಲ್ರೀ. ಆಕಿ ಮಗಳಿಗೆ ಯಾರ ಮ್ಯಾಲ ಅರ್ಜಿ ಬರೀಬೇಕಂತನೂ ಗೊತ್ತಾಗಂಗಿಲ್ಲ."