ಆಸ್ಟ್ರೇಲಿಯಾದಲ್ಲಿ ಚಿಕ್ಕಪ್ಪನಿಗೆ ಎಡೆ

ಆಸ್ಟ್ರೇಲಿಯಾದಲ್ಲಿ ಚಿಕ್ಕಪ್ಪ ಬಂದು ಎಡೆಯ ಊಟ ಮಾಡಿಹೋದರು ಎಂದು ಜಕ್ಕೂರಿನ ನಮ್ಮ ನೆಂಟರೆಲ್ಲ ಹೇಳುತ್ತಾರೆ. ಮುದ್ದೆ ಅರ್ಧ ಖಾಲಿಯಾಗಿತ್ತಂತೆ, ನೀರಿನ ಲೋಟ ಬರಿದಾಗಿತ್ತಂತೆ. ಎರಡೂ ಸುಳ್ಳು. ಆಗ ಕ್ಯಾರವಾನಿನ ಒಳಗಿದ್ದವಳು ನಾನೊಬ್ಬಳೇ. ಹಾಗಂತ ಏನೂ ನಡೆಯಲಿಲ್ಲ ಎನ್ನುವ ಧೈರ್ಯವೂ ನನಗಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ದೆವ್ವ, ಜ್ಯೋತಿಷ್ಯಗಳನ್ನೆಲ್ಲ ಪುಡಿಗಟ್ಟಿದವಳು ನಾನು. ಇದನ್ನು ಬರೆಯಲು ನಾಚಿಕೆಯಾಗುತ್ತಿದೆ.

ಕಾರಿನ ಹಿಂದೆ ಕ್ಯಾರವಾನೆಂಬ ಪುಟ್ಟ ಗಾಲಿಮನೆ ಕಟ್ಟಿಕೊಂಡು ಆ ದೇಶದ ಉತ್ತರ ಭಾಗವನ್ನೆಲ್ಲ ಸುತ್ತಬೇಕೆಂಬುದು ಚಿಕ್ಕಪ್ಪನ ಹುಚ್ಚು. ಅದೇ ವಿಷಯಕ್ಕೆ ಒಂದು ಬೆಳಿಗ್ಗೆ ಚಿಕ್ಕಮ್ಮನೊಡನೆ ಜಗಳವಾಡಿ, ತಟ್ಟೆ ಬಿಟ್ಟು ಎದ್ದುಹೋದವರು ಹೆಬ್ಬಾಳ ತಲುಪುವುದರೊಳಗೆ ಎದೆನೋವು ಬಂದು ತೀರಿಕೊಂಡರು. “ಹಸ್ಕೊಂಡು ಹೋದ್ರು ಕಣೇ” ಎಂಬುದೊಂದೇ ಆಮೇಲೆ ಚಿಕ್ಕಮ್ಮನ ಮಾತು. ಚಿಕ್ಕಪ್ಪನ ಆಸೆ ತೀರಿಸಲೆಂದೇ ಚಿಕ್ಕಮ್ಮ, ಅವರ ಮಗ ಪ್ರಸನ್ನ ಮತ್ತು ನಾನು ಹೊರಟೆವು.

ಮಹಾಲಯ ಅಮಾವಾಸ್ಯೆ ದಾರಿಯಲ್ಲೇ ಬಂತು. ಕೆಂಪು ಮಣ್ಣು, ಆಳೆತ್ತರದ ಹುತ್ತಗಳು, ಮಧ್ಯಾಹ್ನದಿಂದ ಒಂದು ಗಾಡಿಯೂ ಎದುರಾಗದ ರಸ್ತೆ. ಡಾರ್ವಿನ್‌ನಲ್ಲಿ ಕೊಂಡ ರಾಗಿಹಿಟ್ಟಿನಲ್ಲಿ ಮುದ್ದೆ ಮಾಡಿ, ಹುರುಳಿಕಾಳಿನ ಬಸ್ಸಾರು ಬಿಟ್ಟು ಚಿಕ್ಕಮ್ಮ ಕ್ಯಾರವಾನಿನ ಒಳಗೆ ಎಡೆ ಇಟ್ಟರು. ಎಡೆ ಇಟ್ಟ ಮೇಲೆ ಎಲ್ಲರೂ ಹೊರಗೆ ಹೋಗಿ ಬಾಗಿಲು ಮುಚ್ಚಬೇಕು. ಹಿರಿಯರು ಉಣ್ಣುವುದನ್ನು ಯಾರೂ ನೋಡಬಾರದು.

“ಒಳಗೆ ಕ್ಯಾಮೆರಾ ಇಟ್ರೆ ಆಯ್ತಪ್ಪ, ಗೊತ್ತಾಗುತ್ತೆ,” ಅಂದೆ.

“ಬಾಯ್ ಮುಚ್ಕೊಂಡು ಆಚೆ ನಡಿಯೇ,” ಚಿಕ್ಕಮ್ಮ ಗದರಿದರು.

“ಹೋಗು ತಾಯಿ, ಕಾರಲ್ಲಿ ಕೂತ್ಕೊಂಡು ಸ್ಟೇರಿಂಗ್‌ಗೆ ಭಾಷಣ ಮಾಡು,” ಎಂದ ಪ್ರಸನ್ನ.

ಕಾರಿಗೆ ಹೋಗುತ್ತೇನೆಂದು ಹೇಳಿ, ಅವರಿಬ್ಬರೂ ಕೈ ತೊಳೆಯಲು ಹಿಂಬದಿಗೆ ಹೋದಾಗ ಒಳಗೆ ನುಗ್ಗಿ ಮೇಲಿನ ಹಲಗೆಯ ಹಾಸಿಗೆಯಲ್ಲಿ ಮಲಗಿಬಿಟ್ಟೆ. ಚಿಕ್ಕಮ್ಮ ಹೊರಗಿನಿಂದಲೇ ಬಾಗಿಲೆಳೆದರು.

ಪರದೆಗಳ ಮೂಲಕ ಸಂಜೆಯ ಬೆಳಕು ಇಳಿದು ಎಲ್ಲವೂ ಜೇನುಬಣ್ಣವಾಗಿತ್ತು. ಸಾರಿನ ಘಮ. ಎಲ್ಲೋ ನಮ್ಮ ಜಕ್ಕೂರಿನ ವಿಮಾನ ತರಬೇತಿ ಶಾಲೆಯ ಪುಟ್ಟ ವಿಮಾನ ಗುಂಯ್‌ಗುಡುತ್ತಾ ಸುತ್ತುತ್ತಿರುವಂತೆ ಕೇಳಿಸಿತು. ಜೊಂಪು ಹತ್ತಿತ್ತು, ಒಪ್ಪುತ್ತೇನೆ. ಆದರೆ ಅಷ್ಟರಲ್ಲಿ ಕ್ಯಾರವಾನು ಬಾಗಿಲ ಕಡೆಗೆ ಮೆಲ್ಲಗೆ ಬಾಗಿತು. ಯಾರಾದರೂ ಮೆಟ್ಟಿಲ ಮೇಲೆ ಕಾಲಿಟ್ಟರೆ ಅದು ಹಾಗೆ ಬಾಗುವುದು ನಮಗೆ ರೂಢಿಯಾಗಿತ್ತು. ಲೋಟದ ನೀರು ಒಂದು ಅಂಚಿಗೆ ಸರಿದು ಅಲ್ಲೇ ನಿಂತಿತು. ಗಾಳಿಯಾಗಿದ್ದರೆ ತೂಗಾಡಬೇಕಿತ್ತು, ಇದು ತೂಗಾಡಲಿಲ್ಲ. ಕಿಟಕಿಯ ಸಂದಿಯಿಂದ ನೋಡಿದೆ: ತಾಯಿ ಮಗ ಇಬ್ಬರೂ ದೂರದ ಹುತ್ತದ ಬಳಿ ಬೆನ್ನುಹಾಕಿ ನಿಂತಿದ್ದರು.

ನಾನು ಹೊರಳಿದೆ. ಹಲಗೆ ಕಿರುಗುಟ್ಟಿತು. ಮರುಕ್ಷಣ ಕ್ಯಾರವಾನು ನೆಟ್ಟಗಾಯಿತು.

ಸ್ವಲ್ಪ ಹೊತ್ತಿನ ಮೇಲೆ ಚಿಕ್ಕಮ್ಮ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಬಂದರು. ನನ್ನನ್ನು ಕಂಡು ಬಿಳಿಚಿಕೊಂಡರು. ಬೈಯಲಿಲ್ಲ. ನನ್ನ ತೋಳು ಹಿಡಿದು, “ಬಂದಿದ್ರಾ? ಉಂಡ್ರಾ?” ಎಂದರು.

ಅವರ ಮುಖ ನೋಡಿ ನಾನು, “ಉಂಡ್ರು” ಎಂದೆ.

ಚಿಕ್ಕಮ್ಮ ಅಲ್ಲೇ ಕೂತು ಅದೇ ಎಡೆಯ ಮುದ್ದೆಯನ್ನು ಅಳುತ್ತಲೇ ಪೂರ್ತಿ ಉಂಡರು. ಅಷ್ಟು ಉಂಡದ್ದನ್ನು ನಾನು ಎಷ್ಟೋ ತಿಂಗಳಿಂದ ಕಂಡಿರಲಿಲ್ಲ. ನೆಂಟರ ಕತೆ ಹುಟ್ಟಿದ್ದು ನನ್ನ ಆ ಒಂದು ಮಾತಿನಿಂದ.

ನೆಲ ಕುಸಿದಿರಬಹುದು, ಬಿಸಿಲಿಗೆ ಕಾದ ಸ್ಪ್ರಿಂಗ್ ಸಡಿಲಗೊಂಡಿರಬಹುದು. ಎಲ್ಲ ವಾದಗಳನ್ನೂ ನಾನೇ ಹೂಡಿ ನಾನೇ ಸೋತಿದ್ದೇನೆ. ಇನ್ನು ಕೇಳುವುದಿದ್ದರೆ ಒಬ್ಬರನ್ನೇ: ಚಿಕ್ಕಪ್ಪ, ಬಾಗಿಲ ತನಕ ಬಂದವರು ನೀವೇನಾ? ಒಳಗೆ ನಾನಿದ್ದೇನೆಂದು ತಿಳಿದು, ಮತ್ತೊಮ್ಮೆ ಹಸಿದುಕೊಂಡೇ ಹೋದಿರಾ?