ಮಗ್ಗದ ಕೋಣೆಗೆ ಬಂದ ಗಾಡಿ

ಹೋದ ಶ್ರಾವಣದ ಮೊದಲ ಸೋಮವಾರ ಬೆಟಗೇರಿಯ ನಮ್ಮ ಎದುರುಮನೆ ಚಿಗವ್ವ ತೀರಿಕೊಂಡಳು. ಮೈಮೇಲೆ ಹೊದಿಸಿದ್ದು ಅವಳೇ ನೇಯ್ದು ಉಟ್ಟ ಸೀರೆ. ಅದರ ಸೆರಗಿನ ತುದಿಯಲ್ಲಿ ಅಂಗೈಯಗಲದ ಕಪ್ಪು ಕಲೆಯಿತ್ತು. ನೋಡಲು ಬಂದ ಹೆಂಗಸೊಬ್ಬಳು ಅದನ್ನು ಒಳಗೆ ಮಡಚಲು ಕೈಹಾಕಿದಾಗ ಮಗಳು ತಡೆದಳು: "ಇರ್ಲಿ ಬಿಡ್ರಿ. ಅವ್ವ ಅದನ್ನ ಮುಚ್ಚಿದಾಕಿ ಅಲ್ಲ."

ಅದು ಎಂಜಿನ್ ಎಣ್ಣೆಯ ಕಲೆ. ಚಿಗವ್ವ ತಾನು ನೇಯ್ದ ಸೀರೆಗಳನ್ನು ಗಂಡನ ಹಳೆಯ ಮೋಟರ್ ಸೈಕಲ್ಲಿಗೆ ಕಟ್ಟಿಕೊಂಡು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಅಂಗಡಿಗಳಿಗೆ ಕೊಟ್ಟು ಬರುತ್ತಿದ್ದಳು. ಹೊರಡುವ ಮುನ್ನ ಎಣ್ಣೆ ನೋಡಲೇಬೇಕು. ಎಂಜಿನ್ನಿನ ಮುಚ್ಚಳ ತಿರುಗಿಸಿ, ಅದಕ್ಕಂಟಿದ ಕಡ್ಡಿ ಹೊರಗೆಳೆದು, ಸೆರಗಿನಿಂದ ಒರೆಸಿ, ಮತ್ತೆ ಇಳಿಬಿಟ್ಟು ತೆಗೆಯುವಳು. ಕಡ್ಡಿಯ ಎರಡು ಗೆರೆಗಳ ನಡುವೆ ಎಣ್ಣೆ ನಿಂತಿದ್ದರೆ ಮಾತ್ರ ಕಿಕ್ ಹೊಡೆಯುವಳು. ಬಟ್ಟೆಯ ಚಿಂದಿಗೆ ಆ ಮನೆಯಲ್ಲಿ ಬರವಿರಲಿಲ್ಲ.

"ಚಿಂದೀಲೆ ಒರಸಬಾರದೇನ, ಚಿಗವ್ವಾ?" ಎಂದು ಒಮ್ಮೆ ಕೇಳಿದೆ.

"ಸೀರಿ ನಂದು, ಗಾಡಿ ನಂದು. ನೋಡಾವ್ರಿಗೆ ತ್ರಾಸ ಆದ್ರ ಆ ಕಡೆ ನೋಡ್ಲಿ."

ಗಾಡಿ ಕಲಿತದ್ದೇ ಗಂಡ ತೀರಿಹೋದ ಮೇಲೆ. ಮೊದಮೊದಲು, ದೀಪಕ್ಕೆ ಹಾಕಿದಂತೆ ಎಣ್ಣೆಯನ್ನು ತುಂಬಿತುಳುಕಿಸಿದ್ದಳು. ದಾರಿಯ ಹರ್ತಿ ಊರಿನವರೆಗೂ ಬಿಳಿ ಹೊಗೆ. ಅಲ್ಲಿ ಕಟ್ಟೆಯ ಮೇಲಿದ್ದವನೊಬ್ಬ, "ಯವ್ವಾ, ಸೊಳ್ಳಿ ಹೊಡಿಯಾಕ ಬಂದೀ ಏನ?" ಎಂದನಂತೆ. "ಹೌದಪಾ, ನಿನ್ನಿಂದನ ಚಾಲೂ ಮಾಡ್ಲೇನು?" ಎಂದು ಹೇಳಿ ಬಂದವಳು, ಹೆಚ್ಚಾದ ಎಣ್ಣೆ ಇಳಿಸಿ, ಕಡ್ಡಿ ನೋಡುವುದನ್ನು ಕಲಿತಳು.

ಅವಳು ಊರೂರು ತಿರುಗುವುದು ಪಕ್ಕದ ಮನೆಯಲ್ಲಿದ್ದ ಮೈದುನನಿಗೆ ಬೇಡವಾಗಿತ್ತು. ಒಂದು ದಸರೆಯಲ್ಲಿ, ದುಡಿಯುವ ಸಲಕರಣೆಗಳನ್ನು ಪೂಜಿಸುವ ಖಂಡೆಪೂಜೆಯ ಬೆಳಿಗ್ಗೆ, ಗುಜರಿಯವನನ್ನು ಕರೆತಂದ. ಗಟಾರದ ಕಡೆ ಇಳಿಜಾರಾದ ಓಣಿಯಲ್ಲಿ ಗಾಡಿ ಸೈಡ್ ಸ್ಟ್ಯಾಂಡಿನ ಮೇಲೆ ವಾಲಿ ನಿಂತಿತ್ತು. ಮೈದುನ ಕಡ್ಡಿ ಎಳೆದು ನೆರೆದವರಿಗೆ ತೋರಿಸಿದ. ಒಣಗಿತ್ತು.

"ನೋಡ್ರಿ, ಎಣ್ಣಿ ಎಲ್ಲಾ ಕುಡದೈತಿ. ಎಂಜಿನ್ ಹೋತು. ಇವತ್ತ ಕೊಟ್ಟಬಿಡೂಣು, ವೈನಿ. ನೀವು ಮನ್ಯಾಗ ನೇಯ್ಕೊಂತ ಕುಂಡ್ರಿ, ಸೀರಿ ನಾ ಒಯ್ತೀನಿ."

"ವಾರಿ ನಿಂತ ಗಾಡ್ಯಾಗ ಎಣ್ಣಿ ಆ ಮಗ್ಗಲಕ್ಕ ಹೋಗಿರತೈತಿ. ದಾರಿ ಬಿಡು," ಎಂದಳು ಚಿಗವ್ವ.

ಓಣಿಯಲ್ಲಿ ಸಮತಟ್ಟಾದ ಜಾಗವೆಂದರೆ ಅವಳ ಮಗ್ಗದ ಕೋಣೆ ಒಂದೇ. ಮಗ್ಗ ವಾಲಬಾರದೆಂದು ಅವಳ ಗಂಡ ನೀರು ಬಿಟ್ಟು ನೋಡಿ ಹಾಕಿಸಿದ್ದ ನೆಲ ಅದು. ಪೂಜೆಗೆ ಸಾರಿಸಿದ್ದ ಆ ಕೋಣೆಯತ್ತ ಅವಳು ಗಾಡಿ ತಿರುಗಿಸಿದಳು. ಹಿಂದಿನಿಂದ ನಾನು ನೂಕಿದೆ. ಮೈದುನ ಬಾಗಿಲಿಗೆ ಅಡ್ಡ ನಿಂತ.

"ಮಗ್ಗದ ಮುಂದ ಗಾಡಿ ತರ್ತಾರೇನು? ಅದೂ ನೀವು, ಇಂಥಾ ದಿನ..."

"ನಾನು ಅಂದ್ರ? ಗಂಡ ಸತ್ತಾಕಿ ಅಂತ ಬಾಯಿಬಿಟ್ಟ ಹೇಳು. ಮಗ್ಗಾನೂ ಅನ್ನ ಹಾಕೈತಿ, ಇದೂ ಹಾಕೈತಿ. ಸರೀತೀಯೋ, ಕಾಲಮ್ಯಾಲ ಹಾಯಿಸ್ಲ್ಯೋ?"

ಅವನು ಸರಿದ.

ಡಬಲ್ ಸ್ಟ್ಯಾಂಡ್ ಹಾಕಿ ಗಾಡಿಯನ್ನು ನೆಟ್ಟಗೆ ನಿಲ್ಲಿಸಿದಳು. ಎಣ್ಣೆ ಇಳಿದು ನಿಲ್ಲಲೆಂದು, ಎಲ್ಲರನ್ನೂ ಕಾಯಿಸಿ, ಬಸಿಯಲ್ಲಿ ಚಹಾ ಹಾಕಿಕೊಂಡು ಆರಿಸಿ ಕುಡಿದಳು. ಆಮೇಲೆ ಕಡ್ಡಿ ಒರೆಸಿ, ಇಳಿಬಿಟ್ಟು, ತೆಗೆದಳು. ಎಣ್ಣೆ ಎರಡು ಗೆರೆಗಳ ನಡುವೆ ಹೊಳೆಯುತ್ತಿತ್ತು.

"ಇದು ನಮ್ಮ ಮಾಲ್ ಅಲ್ಲರಿ, ಅಕ್ಕಾರ," ಎಂದು ಗುಜರಿಯವನು ನಗುತ್ತ ಹೊರಟ.

ಗಂಡ ಸತ್ತವಳು ಪೂಜೆಗೆ ಮುಂದಾಗಬಾರದೆನ್ನುವ ಓಣಿ ನಮ್ಮದು. ಅವಳು ಎಣ್ಣೆ ಹತ್ತಿದ ಬೆರಳಿನಿಂದಲೇ ಮೊದಲು ಮಗ್ಗಕ್ಕೆ, ಆಮೇಲೆ ಗಾಡಿಯ ಹೆಡ್‌ಲೈಟಿಗೆ ಕುಂಕುಮ ಹಚ್ಚಿದಳು. ಅಂದಿನಿಂದ ಗಾಡಿ ಆ ಕೋಣೆ ಬಿಟ್ಟು ಬೇರೆಲ್ಲೂ ನಿಲ್ಲಲಿಲ್ಲ. ಪ್ರತಿ ವರ್ಷ ಮೈದುನ ಮುಖ ತಿರುಗಿಸಿದ, ಪ್ರತಿ ವರ್ಷ ಅವಳೇ ಕುಂಕುಮ ಹಚ್ಚಿದಳು.

ದಿನಕರ್ಮ ಮುಗಿದ ಮರುವಾರ ಮಗಳು ಸೀರೆಯ ಗಂಟು ಕಟ್ಟಿ ಮುಂಡರಗಿಗೆ ಹೊರಟಳು. ಅವಳ ಕಾಕಾ, ಅದೇ ಮೈದುನ, ತನ್ನ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಗಾಡಿ ಮಗ್ಗದ ಮುಂದೆ ಡಬಲ್ ಸ್ಟ್ಯಾಂಡಿನ ಮೇಲಿತ್ತು. ಕಡ್ಡಿ ಒರೆಸಲು ನಾನು ಚಿಂದಿ ಕೊಟ್ಟೆ. ಅವಳು ದುಪಟ್ಟಾದಿಂದ ಒರೆಸಿದಳು.